ಐದು ನಿಮಿಷದ ನಕ್ಷೆ

ನಿನ್ನೆ ಕಲಬುರಗಿಯಲ್ಲಿ ಪರಿಚಯದ ಸಾಹುಕಾರರೊಬ್ಬರ ಹೊಸ ಮನೆಯ ವಾಸ್ತುಶಾಂತಿ. ಗೋಧಿ ಹುಗ್ಗಿ ಭರ್ಜರಿಯಾಗಿತ್ತು, ಅದಕ್ಕೆ ತಕರಾರಿಲ್ಲ. ತಕರಾರು ಮನೆಯದು. ಪಶ್ಚಿಮದ ಗೋಡೆ ಇರಬೇಕಾದ ಜಾಗದಲ್ಲಿ ಎರಡಂತಸ್ತು ಎತ್ತರದ ಗಾಜು! ಹೊರಗೆ 43 ಡಿಗ್ರಿ. ಮೂರು ಎಸಿ ಹಚ್ಚಿದರೂ ಹಾಲ್‌ನಲ್ಲಿ ಕೂತವರೆಲ್ಲ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. "ಡಿಸೈನ್ ಬೆಂಗಳೂರಿಂದದ ರೀ, ಮೊಬೈಲ್‌ನ್ಯಾಗ ಸಿಕ್ಕಿತ್ತು" ಅಂತ ಸಾಹುಕಾರರ ಹೆಮ್ಮೆ ಬೇರೆ.

ಇಷ್ಟೇ ಆಗಿದ್ದರೆ ಉಂಡು ಎದ್ದು ಬರುತ್ತಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅಕ್ಕನ ಮಗಳನ್ನು ಸಾಹುಕಾರರು ಮಾತಾಡಿಸಿದರು.

"ಪಿಯುಸಿ ಆಯ್ತಲ್ಲ, ಮುಂದ ಏನ್ ಓದ್ತಿಯವ್ವ?"

"ಆರ್ಕಿಟೆಕ್ಚರ್ ಓದಬೇಕಂತ ಮಾಡೀನ್ರಿ ಕಾಕಾ."

"ಅಂದ್ರ ನಕ್ಷಾ ತೆಗಿಯೋದಾ? ಅದಕ್ಕ ಐದ್ ವರ್ಷ ಯಾಕ ಬೇಕು? ನಮ್ ಗೌಂಡಿ ಕೈಯಾಗ ಪೆನ್ಸಿಲ್ ಕೊಡು, ಐದ್ ನಿಮಿಷದಾಗ ತೆಗದ್ ಕೊಡ್ತಾನ."

ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ಅದೇ ಈಗ ಹೊಟ್ಟೆಯೊಳಗೆ ಕೊರೆಯುತ್ತಿರುವುದು.

ನಾನು ಸಿವಿಲ್ ಕೆಲಸದವನು, ವರ್ಷಗಟ್ಟಲೆ ಸೈಟಿನ ಧೂಳು ಕುಡಿದವನು. ಬಾಗಿಲಿಗೆ ತೇಗ ಬೇಕು ಅಂದರೆ ನಮ್ಮ ಜನ ಲಕ್ಷ ಬಿಚ್ಚುತ್ತಾರೆ. ನಕ್ಷೆಗೆ ರೊಕ್ಕ ಅಂದ ಕೂಡಲೇ "ಅದನ್ನೊಂದು ಹಂಗೇ ಹಾಕಿ ಕೊಡ್ರಿ ಸಾಹೇಬ್ರ" ಅಂತಾರೆ. ಕೊತ್ತಂಬರಿ ಕೇಳಿದ ಹಾಗೆ! ಶಹಾಬಾದ್ ಕಲ್ಲು ನಮ್ಮದು. ವಾಡಿ, ಸೇಡಂ ಸಿಮೆಂಟು ನಮ್ಮದು. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕಟ್ಟುವ ಯಾದಗಿರಿಯ ಹುಡುಗರು ನಮ್ಮವರು. ಯೋಚನೆ ಮಾಡುವ ಕೆಲಸ ಒಂದನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇವೆ, ಅದೂ ಪುಕ್ಕಟೆ ಡೌನ್‌ಲೋಡಿಗೆ.

ಇದೇ ಊರಿನ ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ಇದೆ. ಮಸೀದಿಗಳಿಗೆ ಸಾಮಾನ್ಯವಾಗಿ ಇರುವ ಬಯಲು ಅಂಗಳ ಇದಕ್ಕಿಲ್ಲ, ಗುಮ್ಮಟದ ಪಕ್ಕ ಗುಮ್ಮಟ ಕೂರಿಸಿ ಪೂರ್ತಿ ಮುಚ್ಚಿದ್ದಾರೆ. ಬದಿಯ ಕಮಾನುಗಳಿಂದ ಬೆಳಕು ಬರುತ್ತದೆ, ಬಿಸಿಲು ಹೊರಗೇ ನಿಲ್ಲುತ್ತದೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಹೋಗಿ ನಿಂತು ನೋಡಿ, ಆಮೇಲೆ ಐದು ನಿಮಿಷದ ಮಾತಾಡಿ. ಕಟ್ಟಿದ ರಫಿ ಎಂಬಾತ ಇರಾನಿನ ಕಜ್ವೀನ್ ಕಡೆಯವನಂತೆ. ಅವನ ಹೆಸರು ಶಾಸನದಲ್ಲಿದೆ. ಸಾಹುಕಾರರ ಮನೆ ಮುಂದೆ ಶಾಮಿಯಾನದವನ ಹೆಸರು ಫೋನ್ ನಂಬರಿನ ಸಮೇತ ಇತ್ತು, ನಕ್ಷೆ ಮಾಡಿದವನದು ಇರಲಿಲ್ಲ. ಬೀದರಿನವರು ಜಂಬಿಟ್ಟಿಗೆ ಕಲ್ಲಿನೊಳಗೆ ಸುರಂಗ ಕೊರೆದು ಕರೇಜ್ ಅನ್ನೋ ನೆಲದೊಳಗಿನ ಕಾಲುವೆ ಮಾಡಿ ನೀರು ಹರಿಸಿದ್ದೂ ಯಾರೋ ಮೊದಲು ಕೂತು ಲೆಕ್ಕ ಹಾಕಿದ್ದಕ್ಕೇ.

"ಸಿವಿಲ್ ಮಾಡಿಸ್ರಿ, ಎರಡೂ ಒಂದೇ" ಅಂದರು ಪಂಕ್ತಿಯಲ್ಲಿದ್ದ ಇನ್ನೊಬ್ಬರು. ಒಂದೇ ಅಲ್ಲ ರೀ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಎಷ್ಟು ಆಳ ಹೋಗಬೇಕು, ಕಬ್ಬಿಣ ಎಷ್ಟು ಬೇಕು ಅನ್ನೋದು ನನ್ನ ಕೆಲಸ. ಆ ಮನೆಯೊಳಗೆ ಮನುಷ್ಯ ಎಲ್ಲಿ ಕೂತರೆ ಗಾಳಿ ಬರುತ್ತದೆ ಅನ್ನೋದು ಆರ್ಕಿಟೆಕ್ಟರ ಕೆಲಸ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿ, ಆರ್ಕಿಟೆಕ್ಚರ್ ಸೇರೋಕೆ ಇರುವ ನಾಟಾ ಪ್ರವೇಶ ಪರೀಕ್ಷೆ ಬರೆದು, ಐದು ವರ್ಷ ಬಿ.ಆರ್ಕ್ ಮಾಡಿ, ಆಮೇಲೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹಾಕಿಕೊಳ್ಳುವ ಹಾಗಿಲ್ಲ, 1972ರಿಂದ ಕಾಯ್ದೆಯೇ ಇದೆ. ಆ ಕಾಯ್ದೆ ನಮ್ಮ ಬಡಾವಣೆಗಳ ಬೋರ್ಡು ಬರೆಯೋರಿಗೆ ಇನ್ನೂ ತಲುಪಿಲ್ಲ.

ಶುರುವಿಗೆ ಪಗಾರ ಕಮ್ಮಿ ಅಂತೀರಿ. ಹೌದು, ಕಮ್ಮಿನೇ. ಫೀಸೂ ಜಾಸ್ತಿ. ಬಿಇ ಮುಗಿಸಿ ನನ್ನ ಹತ್ತಿರ ಸೈಟ್ ಕೆಲಸ ಕೇಳಿಕೊಂಡು ಬರುವ ಹುಡುಗರಿಗೆ ಯಾರು ರೊಕ್ಕದ ಚೀಲ ಹಿಡಿದು ನಿಂತಿದ್ದಾರೆ, ಹೇಳಿ ನೋಡೋಣ.

ಈಗ ನನ್ನ ಹುಳುಕು. ನಾನು ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾಕ್ಕೆ ಹೋದದ್ದು ಬೇಗ ದುಡಿಯಬೇಕಿತ್ತು ಅಂತ. ಮನಸ್ಸಿದ್ದದ್ದು ಚಿತ್ರ ಬರೆಯೋದರ ಮೇಲೆ. ಮುಂದೆ ನನ್ನ ಸ್ವಂತ ಮನೆ ಕಟ್ಟುವಾಗ ಬೆಂಗಳೂರಿನ ಗೆಳೆಯನ ಮನೆಯ ನಕ್ಷೆ ತಂದು ಹಾಗೇ ಇಳಿಸಿದೆ. ಅವ್ವನ ಕೋಣೆ ಪಶ್ಚಿಮದ ಮೂಲೆಗೆ ಬಂತು. ಊರಲ್ಲಿ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಲಗಿದ ಜೀವ ಅದು. ಹೋಳಿ ಹುಣ್ಣಿಮೆ ದಾಟಿತು ಅಂದರೆ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಬರುತ್ತಾಳೆ. ಒಂದು ದಿನವೂ ಯಾಕೆ ಅಂತ ಹೇಳಿಲ್ಲ. ನಾನೂ ಕೇಳಿಲ್ಲ.

ಇವತ್ತು ಮಧ್ಯಾಹ್ನ ಎದ್ದು ನೋಡಿದರೆ ಅಕ್ಕನ ಮಗಳು ನನ್ನ ಟೇಪು ಹಿಡಿದು ಆ ಕೋಣೆಯಲ್ಲಿ ನಿಂತಿದ್ದಾಳೆ. ಈ ಕಿಟಕಿ ಸಣ್ಣದು ಮಾಡಿ ಉತ್ತರಕ್ಕೊಂದು ಒಡೆಸಬೇಕಂತೆ, ಹೊರಗೆ ಒಂದು ಬೇವಿನ ಗಿಡ ಹಚ್ಚಬೇಕಂತೆ.

"ನಿಂಗ ಎಷ್ಟ್ ಕೊಡ್ಬೇಕವ್ವ ಇದಕ್ಕ?" ಅಂದೆ.

"ಐದ್ ನಿಮಿಷದ ಕೆಲಸಕ್ಕ ಏನ್ ರೊಕ್ಕ ಮಾಮಾ" ಅಂದಳು, ನನ್ನ ಕಡೆ ನೋಡದೆ. "ಸ್ವಲ್ಪ ಈ ತುದಿ ಹಿಡೀರಿ."

ಹಿಡಿದುಕೊಂಡು ನಿಂತೆ.