ಮಗುವೇ ಬಾಸು, ನಲ್ಲಿ ಮಾತ್ರ ಬಂದ್

ಈ ಸಲ ಅಡ್ಮಿಷನ್ ಸೀಸನ್ ಶುರುವಾದಾಗಿಂದ ತುಮಕೂರಲ್ಲಿ ಎಲ್ಲಿ ಹೋದ್ರೂ ಒಂದೇ ಫ್ಲೆಕ್ಸು. ಬಿ.ಎಚ್. ರೋಡಲ್ಲಿ, ಎಸ್ಐಟಿ ಕಾಲೇಜ್ ಹತ್ರ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟ್ಲು ಪಕ್ಕದ ಕಂಬನೂ ಬಿಟ್ಟಿಲ್ಲ. ಕೋಟು ಹಾಕಿರೋ ಮೂರು ವರ್ಷದ ಮಗು ಕೈ ಕಟ್ಕೊಂಡು ನಿಂತಿದೆ, ಕೆಳಗೆ 'ಇಲ್ಲಿ ನಿಮ್ಮ ಮಗುವೇ ಬಾಸ್! ಚೈಲ್ಡ್-ಲೆಡ್ ಎನ್ವಿರಾನ್‌ಮೆಂಟ್, ಎಲ್ಲಾ ರೂಮಲ್ಲೂ ಸಿಸಿಟಿವಿ'. ಬಾಸ್ ಮೇಲೇ ಕ್ಯಾಮೆರಾ ಇಟ್ಟಿರೋ ಆಫೀಸು ನಾನಂತೂ ಎಲ್ಲೂ ಕಂಡಿಲ್ಲ.

ಅಕ್ಕನ ಮಗಳು ಪುಟ್ಟಿಗೆ ಮೂರು ತುಂಬ್ತು. ಭಾವ 'ನೀನು ಒಂಚೂರು ಓದ್ಕೊಂಡಿದೀಯ, ಇಸ್ಕೂಲು ನೋಡೋಕೆ ಜೊತೇಲಿ ಬಾರಯ್ಯ' ಅಂದ್ರು, ಹೋದೆ. ಹೆಸರು ಬೇಡ ಬಿಡಿ, ಒಂದು ನೋಡಿದ್ರೆ ಎಲ್ಲಾ ನೋಡಿದಂಗೇ. ಒಳಗೆ ಹೋದ ತಕ್ಷಣ ಡೈರೆಕ್ಟರ್ ಮೇಡಂ 'ಸರ್, ನಮ್ಮಲ್ಲಿ ಟೀಚಿಂಗ್ ಇಲ್ಲ, ಮಗು ಲೀಡ್ ಮಾಡುತ್ತೆ, ನಾವು ಹಿಂದೆ ಹೋಗ್ತೀವಿ' ಅಂದ್ರು. ಇವರು ಮಗು ಹಿಂದೆ ಹೋಗೋಕೆ ವರ್ಷಕ್ಕೆ ಎಷ್ಟು ಆಗುತ್ತೆ ಅಂತ ಭಾವ ಕೇಳಿದ್ರು. ಮೂರು ಇನ್‌ಸ್ಟಾಲ್‌ಮೆಂಟ್ ಇದೆ ಅಂದ್ರು. ಮೊತ್ತ ಕೇಳಿದ ಮೇಲೆ ಭಾವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ರೂಮಂತೂ ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ಗಿಡ್ಡ ಶೆಲ್ಫು, ಗಿಡ್ಡ ಕುರ್ಚಿ, ಬಿದಿರಿನ ಬುಟ್ಟಿ, ಬುಟ್ಟಿ ತುಂಬ ಪೈನ್ ಕೋನ್, ಅಂದ್ರೆ ಪೈನ್ ಮರದ ಒಣಗಿದ ಕಾಯಿ. ಪೈನ್ ಕೋನ್ ಕಣ್ರೀ! ತೆಂಗಿಗೆ ಹೆಸರಾದ ಜಿಲ್ಲೆ ಇದು, ಗುಬ್ಬಿ ತಿಪಟೂರು ಕಡೆ ಕಾಲಿಟ್ಟಲ್ಲೆಲ್ಲ ಚಿಪ್ಪು, ಮಟ್ಟೆ, ಗರಿ, ಉದುರಿದ ಹೀಚು. ಇಲ್ಲಿ ಕೂತ್ಕೊಂಡು ಹಿಮಾಲಯದ ಕಾಯಿ ಆನ್‌ಲೈನಲ್ಲಿ ತರಿಸಿದಾರೆ. ಇದು ಲೂಸ್ ಪಾರ್ಟ್ಸ್ ಸರ್ ಅಂದ್ರು ಮೇಡಂ. ಗೊತ್ತು ಮೇಡಂ, 1971ರಲ್ಲಿ ಇಂಗ್ಲೆಂಡಿನ ಸೈಮನ್ ನಿಕೋಲ್ಸನ್ ಅನ್ನೋರು ಬರೆದಿದ್ದು, ಮಕ್ಕಳಿಗೆ ರೆಡಿಮೇಡ್ ಆಟದ ಸಾಮಾನಿಗಿಂತ ಅತ್ತ ಇತ್ತ ಎತ್ತಿಡೋಕೆ, ಜೋಡಿಸೋಕೆ, ಬಿಚ್ಚೋಕೆ ಬರೋ ಬಿಡಿ ಸಾಮಾನು ಕೊಡಿ ಅಂತ, ಹಂಗಾದ್ರೆ ತೆಂಗಿನ ಚಿಪ್ಪು ಯಾಕಿಲ್ಲ ಅಂದೆ. 'ಪೇರೆಂಟ್ಸ್ ಒಪ್ಪಲ್ಲ ಸರ್, ನಮ್ಮ ಹಿತ್ತಲು ಇದ್ದಂಗೈತೆ ಅಂತಾರೆ, ಫೀಸ್ ಕಟ್ಟಬೇಕಾದ್ರೆ ಜಗಳ ಆಡ್ತಾರೆ.' ಇದು ಮಾತ್ರ ನೂರಕ್ಕೆ ನೂರು ನಿಜ. ಭಾವನೂ ಆ ಕಾಯಿ ಎತ್ತಿ ಮೂಸಿ ನೋಡಿ 'ಫಾರಿನ್ನಾ' ಅಂತ ಖುಷಿಯಾಗಿ ವಾಪಸ್ ಇಟ್ರು.

ಆಮೇಲೆ ಕೈ ತೊಳೆಯೋ ಜಾಗ. ನಮ್ಮ ಮೊಣಕಾಲ ಎತ್ತರಕ್ಕೆ ಪುಟ್ಟ ಬೇಸಿನ್ನು, ಪುಟ್ಟ ಸ್ಟೀಲ್ ನಲ್ಲಿ, ಪಕ್ಕದಲ್ಲಿ ಪುಟ್ಟ ಟವೆಲ್ಲು, ಎದುರಿಗೆ ಮಗು ಮುಖಕ್ಕೆ ಸರಿಯಾಗಿ ಕನ್ನಡಿ. ಪುಟ್ಟಿ ನೋಡಿದ ತಕ್ಷಣ ಓಡಿದ್ಲು, ಎರಡೂ ಕೈಯಲ್ಲಿ ನಲ್ಲಿ ತಿರುಗಿಸಿದ್ಲು, ನೀರು ಬರ್ಲಿಲ್ಲ, ಬಗ್ಗಿ ನಲ್ಲಿ ಬಾಯಲ್ಲಿ ಒಂದು ಕಣ್ಣಿಟ್ಟು ಒಳಗೆ ನೋಡಿದ್ಲು, ಆಮೇಲೆ ಇನ್ನೊಂದು ಸುತ್ತು ತಿರುಗಿಸಿದ್ಲು. ಮೂಲೇಲಿದ್ದ ಆಯಾ 'ವಾಲ್ವ್ ಆಫ್ ಮಾಡೀವಿ ಕಣವ್ವ, ಸ್ನ್ಯಾಕ್ಸ್ ಟೈಮಿಗೆ ಬಿಡ್ತೀವಿ, ಇಲ್ದಿದ್ರೆ ನೆಲ ಎಲ್ಲಾ ಒದ್ದೆ ಮಾಡ್ತಾವೆ' ಅಂದ್ರು. ವಾಲ್ವ್ ಎಲ್ಲಿದೆ ಅಂತ ನೋಡಿದೆ. ಗೋಡೆ ಮೇಲೆ, ನನ್ನ ತಲೆಗಿಂತ ಎತ್ತರಕ್ಕೆ.

ಡೈರೆಕ್ಟರ್ ಮೇಡಂ, ಇಟಲಿಯ ಡಾಕ್ಟರಮ್ಮ ಮರಿಯಾ ಮಾಂಟೆಸರಿ ಹೆಸರು ಎಷ್ಟು ಸಲ ಹೇಳಿದ್ರೋ ಲೆಕ್ಕ ಇಡ್ಲಿಲ್ಲ. ಆಯಮ್ಮ 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೋ ಅನ್ನೋ ಬಡವರ ಕೇರೀಲಿ ಮೊದಲ ಮಕ್ಕಳ ಮನೆ ತೆಗೆದಿದ್ದು. ಅಪ್ಪ ಅಮ್ಮ ಕೂಲಿಗೆ ಹೋದ್ರೆ ಮೆಟ್ಟಿಲು ಗೋಡೆ ಹಾಳು ಮಾಡ್ತಿದ್ದ ಮಕ್ಕಳನ್ನ ಒಂದು ಕಡೆ ಕೂರಿಸೋಕೆ ಅಂತ ಬಿಲ್ಡಿಂಗ್ ಓನರುಗಳು ಕೊಟ್ಟ ಜಾಗ ಅದು. ಅಲ್ಲಿ ಮಕ್ಕಳು ನಿಜವಾದ ನೀರಲ್ಲೇ ಕೈ ತೊಳೀತಿದ್ವು, ನೆಲ ಗುಡಿಸ್ತಿದ್ವು, ಚೆಲ್ಲಿದ್ರೆ ತಾವೇ ಒರೆಸ್ತಿದ್ವು. ಚೆಲ್ಲೋದು ಒರೆಸೋದೇ ಅಲ್ಲಿ ಪಾಠ. 1939ರಲ್ಲಿ ಆಯಮ್ಮ ನಮ್ಮ ದೇಶಕ್ಕೇ ಬಂದು ಮದ್ರಾಸಿನ ಅಡ್ಯಾರಲ್ಲಿ ಟೀಚರುಗಳಿಗೆ ಟ್ರೈನಿಂಗ್ ಕೊಟ್ರು. ಆದ್ರೆ ವಾಲ್ವ್ ಆಫ್ ಮಾಡೋ ಟ್ರೈನಿಂಗ್ ಯಾರು ಕೊಟ್ರೋ ನಾ ಕಾಣೆ.

ಗೋಡೆಗೆ ಟೈಮ್ ಟೇಬಲ್ ಬೇರೆ. 'ಫ್ರೀ ಚಾಯ್ಸ್: 10.15ರಿಂದ 10.35'. ಮಾಂಟೆಸರಿ ಕ್ಲಾಸಲ್ಲಿ ಹತ್ತಿರ ಹತ್ತಿರ ಮೂರು ಗಂಟೆ ಮಗುವನ್ನ ಯಾರೂ ಮಧ್ಯ ಎಬ್ಬಿಸಂಗಿಲ್ಲ, ಇಲ್ಲಿ ಸ್ವಾತಂತ್ರ್ಯ ಇಪ್ಪತ್ತು ನಿಮಿಷಕ್ಕೆ ಬೆಲ್ ಹೊಡೆದು ಮುಗಿಯುತ್ತೆ. ನಾವು ಇದ್ದಾಗಲೇ ಒಬ್ಬ ಹುಡುಗ ಮರದ ತುಂಡು ಒಂದರ ಮೇಲೊಂದು ಇಟ್ಟು ಬಲು ಎಚ್ಚರಿಕೆಯಿಂದ ಏನೋ ಕಟ್ತಿದ್ದ. ಮಿಸ್ಸು ಬಂದು 'ಏಯ್ ಕಂದಾ, ಫ್ರೀ ಚಾಯ್ಸ್ ಮುಗೀತು, ಇವತ್ತು ಯೆಲ್ಲೋ ಡೇ ಅಲ್ವಾ, ಬಾ ಫೋಟೋ' ಅಂತ ಎತ್ಕೊಂಡು ಹೋಗಿ ಬಾಳೆಹಣ್ಣಿನ ಮುಂದೆ ನಿಲ್ಲಿಸಿದ್ರು. ಪಾಪ ಆ ಮಿಸ್ಸನ್ನ ಬೈಯಲ್ಲ, ಫೋಟೋ ಹನ್ನೊಂದರೊಳಗೆ ಗ್ರೂಪಿಗೆ ಹೋಗ್ಲಿಲ್ಲ ಅಂದ್ರೆ ಅಮ್ಮಂದಿರು ಫೋನ್ ಮಾಡ್ತಾರಂತೆ. ಒಟ್ನಲ್ಲಿ ಮದುವೆ ಮನೇಲಿ ಮದುಮಗ ಇದ್ದಂಗೆ, ಎಲ್ಲಾ ಅವನ ಹೆಸರಲ್ಲೇ ನಡೆಯುತ್ತೆ, ಅವನನ್ನ ಮಾತ್ರ ಯಾರೂ ಏನೂ ಕೇಳಲ್ಲ.

ಅಸಲಿಗೆ ಮಗುನ ನಿಜವಾಗ್ಲೂ ಲೀಡ್ ಮಾಡೋಕೆ ಬಿಟ್ರೆ ಏನಾಗುತ್ತೆ ಅಂತ ಜೂನ್ ಮೊದಲ ವಾರ ಯಾವ ಇಸ್ಕೂಲ್ ಮುಂದೆ ನಿಂತ್ಕೊಂಡ್ರೂ ಗೊತ್ತಾಗುತ್ತೆ. ಅಷ್ಟೂ ಬಾಸುಗಳು ಒಟ್ಟಿಗೆ ಗೇಟ್ ಕಡೆಗೇ ಲೀಡ್ ಮಾಡ್ತವೆ. ವಾಚ್‌ಮನ್ ಬೀಗ ಹಾಕ್ತಾನೆ.

ಇನ್ನೊಂದು ಮಾತು ಬಂತು, ಎನ್ವಿರಾನ್‌ಮೆಂಟ್ ಈಸ್ ದ ಥರ್ಡ್ ಟೀಚರ್, ಅಂದ್ರೆ ಮಗು ಸುತ್ತ ಇರೋ ಜಾಗವೇ ಮೂರನೇ ಟೀಚರ್ ಅಂತ, ಗೋಡೆ ಮೇಲೇ ಬರ್ಸಿದಾರೆ. ಇದು ಇಟಲಿಯ ರೆಜ್ಜಿಯೋ ಎಮಿಲಿಯಾ ಊರಿನ ಮಾತು, ಮಲಗುಜ್ಜಿ ಅನ್ನೋ ಮೇಷ್ಟ್ರು ಅಲ್ಲಿ ಶಿಶುವಿಹಾರಗಳನ್ನ ಬೆಳೆಸಿದ್ರು. 1945ರಲ್ಲಿ ಯುದ್ಧ ಮುಗಿದಾಗ ಊರ ಪಕ್ಕದ ಹಳ್ಳಿ ಜನ ಜರ್ಮನ್ನರು ಬಿಟ್ಟು ಓಡಿದ್ದ ಒಂದು ಟ್ಯಾಂಕು, ಒಂದಷ್ಟು ಲಾರಿ, ಕುದುರೆ ಮಾರಿ ಆ ದುಡ್ಡಲ್ಲಿ ತಾವೇ ಇಟ್ಟಿಗೆ ಹೊತ್ತು ಮಕ್ಕಳ ಶಾಲೆ ಕಟ್ಟಿದ್ರು. ನಮ್ಮ ಕಡೆ ಯುದ್ಧ ಆಗಿಲ್ಲ ಪುಣ್ಯಕ್ಕೆ, ಅದಕ್ಕೆ ಕೊಬ್ಬರಿ ಮಾರಿ ಫೀಸ್ ಕಟ್ತೀವಿ. ಆದ್ರೆ ಮೂರನೇ ಟೀಚರ್ ಅಂದ್ರೆ ಮೊದಲು ಇಬ್ಬರು ಇರಬೇಕಲ್ವಾ? ರೆಜ್ಜಿಯೋದಲ್ಲಿ ಒಂದು ಕ್ಲಾಸಿಗೆ ಇಬ್ಬರು ಟೀಚರು ಜೊತೆಜೊತೆಗೆ ಇರ್ತಾರೆ, ಚಿತ್ರ ಬಣ್ಣ ಮಣ್ಣಿನ ಕೆಲಸಕ್ಕೆ ಬೇರೆ ಒಬ್ಬರು. ಇಲ್ಲಿ ಒಬ್ಬಳೇ ಮಿಸ್ಸು, ಹೋದ ವರ್ಷ ಬಿ.ಕಾಂ. ಮುಗಿಸಿದ ಹುಡುಗಿ, ಅವಳ ಸಂಬಳ ಕೇಳಿದ್ರೆ ಮೇಡಂ 'ಅದು ಪ್ಯಾಶನ್ ಜಾಬ್ ಸರ್' ಅಂತಾರೆ. ಮೂರನೇ ಟೀಚರಿಗೆ ಎಸಿ, ಮರದ ಫ್ಲೋರಿಂಗು, ವರ್ಷದ ರಿಪೇರಿ ಕಾಂಟ್ರಾಕ್ಟು, ಎಲ್ಲಾ ಇದೆ. ಮೊದಲನೇ ಟೀಚರಿಗೆ ಕೂರೋಕೆ ದೊಡ್ಡೋರ ಕುರ್ಚೀನೇ ಇಲ್ಲ. ಆ ಗಿಡ್ಡ ಕುರ್ಚಿ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸ್ಕೊಂಡು ಅಟೆಂಡೆನ್ಸ್ ಬರೀತಾಳೆ.

ಸರ್ಕಾರಿ ಕಡೆ ಏನು ಕಮ್ಮಿ ಅಂತ ಅನ್ಕೋಬೇಡಿ, ಅಲ್ಲಿ ಇನ್ನೊಂದು ತರ. ಇವರೆಲ್ಲ ಈಗ ಲಕ್ಷ ಸುರಿದು ಮಾಡಿರೋದನ್ನ ನಮ್ಮ ಮೇಷ್ಟ್ರುಗಳೇ 1995ರಲ್ಲಿ ಎಚ್.ಡಿ. ಕೋಟೆ ತಾಲೂಕಲ್ಲಿ ನಲಿಕಲಿ ಅಂತ ಶುರು ಮಾಡಿದ್ರು. ಮಗು ಕೈಗೆ ಎಟುಕೋ ಹಂಗೆ ಗೋಡೆ ಕೆಳಗೆ ಕರಿಹಲಗೆ, ಮಕ್ಕಳು ಮಾಡಿದ್ದನ್ನ ನೇತು ಹಾಕೋಕೆ ದಾರದ ಚಪ್ಪರ, ತಾನು ಎಲ್ಲಿದೀನಿ ಅಂತ ಮಗುವೇ ನೋಡ್ಕೊಳ್ಳೋಕೆ ಕಲಿಕಾ ಏಣಿ, ಯಾವ ಗುಂಪಲ್ಲಿ ಕೂರಬೇಕು ಅಂತ ತೋರಿಸೋಕೆ ಗುಂಪಿಗೊಂದು ಗುರುತಿನ ತಟ್ಟೆ. 2009-10ರಲ್ಲಿ ಇಡೀ ರಾಜ್ಯಕ್ಕೇ ತಂದ್ರು. ಆಗ ಇದೇ ನಮ್ಮ ಜನ 'ಅಯ್ಯೋ ನೆಲದ ಮೇಲೆ ಕೂರಿಸ್ತಾರೆ, ಬರೀ ಆಟ ಆಡಿಸ್ತಾರೆ' ಅಂತ ಮಕ್ಕಳನ್ನ ಬಿಡಿಸಿ ಕಾನ್ವೆಂಟಿಗೆ ಹಾಕಿದ್ರು. ಈಗ ಅದೇ ನೆಲದ ಮೇಲೆ ಕೂರಿಸೋಕೆ, ಅದೇ ಆಟ ಆಡಿಸೋಕೆ ಡೊನೇಷನ್ ಕೊಟ್ಟು ಕ್ಯೂ ನಿಂತಿದಾರೆ. ನಮ್ಮನೆ ಹತ್ರದ ಸರ್ಕಾರಿ ಶಾಲೇಲಿ ಚಪ್ಪರ ಇನ್ನೂ ಇದೆ, ಪೇಪರ್ ಹೂವು ಬಣ್ಣ ಹೋಗಿ ಬೂದಿಯಾಗಿವೆ, ಸಾಹೇಬ್ರು ವಿಸಿಟ್ ಬರೋ ಹಿಂದಿನ ದಿನ ಮಾತ್ರ ಹೊಸಾದು ನೇತಾಡ್ತವೆ.

2022ರಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಅಂತಲೇ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು, ಆಟಾನೇ ಕಲಿಕೆ ಅಂತ ಅದರಲ್ಲಿ ಸ್ಪಷ್ಟವಾಗೇ ಇದೆ. ಒಂದು ಅಂಗನವಾಡಿಗೆ ಹೋಗಿದ್ದೆ, ಆಟದ ಸಾಮಾನು ಚೆನ್ನಾಗೇ ಬಂದಿದೆ, ಬೀರುವಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಜೋಡಿಸಿಟ್ಟು ಬೀಗ. ಯಾಕಮ್ಮ ಅಂದ್ರೆ ಕಾರ್ಯಕರ್ತೆ 'ಸ್ಟಾಕ್ ರಿಜಿಸ್ಟರ್‌ನಲ್ಲಿ ಎಂಟ್ರಿ ಆಗೈತಣ್ಣ, ಒಂದು ಮಣಿ ಕಮ್ಮಿ ಬಂದ್ರೂ ಸೂಪರ್‌ವೈಸರ್ ಮೇಡಂಗೆ ನಾನೇ ಉತ್ತರ ಹೇಳಬೇಕು' ಅಂದ್ರು. ಹಂಗಂತ ಅವರನ್ನ ದೂರೋದೂ ತಪ್ಪು, ಒಂದು ಕೈಲಿ ಮಕ್ಕಳ ಲೆಕ್ಕ ತುಂಬೋ ಪೋಷಣ್ ಟ್ರ್ಯಾಕರ್ ಆ್ಯಪು, ಇನ್ನೊಂದು ಕೈಲಿ ತೂಕದ ಯಂತ್ರ, ಎಲೆಕ್ಷನ್ ಬಂದ್ರೆ ವೋಟರ್ ಲಿಸ್ಟು. ಮಕ್ಕಳು ಮಾತ್ರ ಹೊರಗೆ ಮರಳು ಗುಡ್ಡೆ ಹತ್ತಿ ಜಾರ್ತಿದ್ವು, ಪಕ್ಕದಲ್ಲಿ ಯಾರೋ ಮನೆ ಕಟ್ಟೋಕೆ ಹೊಡೆಸಿದ್ದ ಎಂ-ಸ್ಯಾಂಡು. ನಾನು ಆ ದಿನ ಕಂಡ ಚೈಲ್ಡ್-ಲೆಡ್ ಅಂದ್ರೆ ಅದೊಂದೇ, ಅದಕ್ಕೂ ಮೇಸ್ತ್ರಿ ಬಂದು ಓಡಿಸಿದ.

ನಮ್ಮ ಭಾವ ಏನು ಕಮ್ಮಿನಾ? ಸ್ವಾತಂತ್ರ್ಯ ಬೇಕು, ಗಿಡ್ಡ ಶೆಲ್ಫ್ ಬೇಕು, ಪೈನ್ ಕೋನ್ ಬೇಕು, ಜೊತೆಗೆ ದಸರಾ ಒಳಗೆ ಒಂದರಿಂದ ನೂರು ಬರೀಬೇಕು, ಕರ್ಸಿವ್ ಆದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಕೊಲೀಗ್ ಮಗ ಬರೀತಾನಂತೆ. ಅಮ್ಮ ಮಾತ್ರ 'ಅದರ ಇಷ್ಟದಂಗೆ ಬಿಡೋಕೆ ದುಡ್ಡು ಯಾಕೆ ಕೊಡ್ತೀರೋ, ನಮ್ಮನೇಲಿ ನಡೀತಿರೋದು ಇನ್ಯಾರ ದರ್ಬಾರು' ಅಂದ್ರು. ಯಾರೂ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಸೇರಿಸಿದ್ದೂ ಆಯ್ತು.

ಮೊನ್ನೆ ಮೊದಲ ಪ್ರೋಗ್ರೆಸ್ ಕಾರ್ಡು ಬಂತು. ಶೇರಿಂಗ್ ಎ, ಟಾಯ್ಲೆಟ್ ಹ್ಯಾಬಿಟ್ಸ್ ಎ, ಸಿಟ್ಟಿಂಗ್ ಇನ್ ಪ್ಲೇಸ್ ಬಿ ಪ್ಲಸ್. 'ಇಂಡಿಪೆಂಡೆಂಟ್ ಚಾಯ್ಸ್' ಅನ್ನೋದ್ರ ಮುಂದೆ ಸಿ, ಪಕ್ಕದಲ್ಲಿ ಕೆಂಪು ಇಂಕಲ್ಲಿ ಷರಾ, 'ಪದೇ ಪದೇ ನಲ್ಲಿ ಹತ್ತಿರವೇ ಹೋಗುತ್ತಾಳೆ, ಹೇಳಿಕೊಟ್ಟ ಆಯ್ಕೆಗಳನ್ನು ಮಾಡುವುದಿಲ್ಲ.' ಭಾವಂಗೆ ರಾತ್ರಿ ಊಟ ಸೇರ್ಲಿಲ್ಲ, ಪೇರೆಂಟ್ಸ್ ಗ್ರೂಪಲ್ಲಿ ವಿಚಾರಿಸಿದಾರೆ. ಎಸ್.ಎಸ್. ಪುರಂನಲ್ಲಿ ಚಾಯ್ಸ್ ಮಾಡೋದನ್ನ ಹೇಳ್ಕೊಡೋಕೆ ಒಬ್ಬರು ಟ್ಯೂಷನ್ ಮೇಡಂ ಇದಾರಂತೆ, ಸಂಜೆ ಐದರಿಂದ ಆರು, ಸೋಮವಾರದಿಂದ ಬ್ಯಾಚ್ ಶುರು.