ಸ್ಪ್ರಿಂಗ್ ಕೊಯ್ಸಬೇಡ್ರಪ್ಪಾ

ಲುಕ್‌ಗೋಸ್ಕರ ಕಾರು ತಗ್ಗಿಸಲು ಚಕ್ರದ ಸ್ಪ್ರಿಂಗ್ ಕೊಯ್ಸುವವರ ವಿಷಯ ಇದು. ಸಂಜೆಯಿಂದ ತಲೆ ಕೆಟ್ಟಿದೆ. ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಮುಗಿಸಿ ಬೈಕಿನಲ್ಲಿ ವಾಪಸ್ ಬರುತ್ತಿದ್ದೆ. ಮುಂದೆ ಒಂದು ಕಡುಹಸಿರು ಮಾರುತಿ ಝೆನ್ ಕಾರು. ಹಂಪ್ ಬಂತು. ಗಾಡಿ ನಿಂತಿತು, ಅಡ್ಡಡ್ಡ ತಿರುಗಿತು, ಒಂದೊಂದೇ ಚಕ್ರ ಹತ್ತಿಸತೊಡಗಿತು. ಹಿಂದೆ ಆಟೋದವರು ಹಾರ್ನ್ ಮೇಲೆ ಹಾರ್ನ್. ಆಮೇಲೆ ಕೆಳಗಿನಿಂದ ಆ ಸದ್ದು. ಕಲ್ಲಿನ ಮೇಲೆ ಕಬ್ಬಿಣ ಎಳೆದ ಹಾಗೆ, ಕರ್ರ್ ಅಂತ, ಉದ್ದಕ್ಕೆ. ನನ್ನ ಹಲ್ಲೆಲ್ಲ ಜುಮ್ ಅಂದವು. ಯಾಕೆಂದರೆ ಅಷ್ಟೊತ್ತಿಗೆ ಹಿಂದಿನ ಎಡ ಬಾಗಿಲಿನ ನೆಗ್ಗು ಕಣ್ಣಿಗೆ ಬಿದ್ದಿತ್ತು. ನಮ್ಮ ಮನೆ ಗೇಟಿನ ಕಂಬಕ್ಕೆ ತಾಗಿ ಆದ ನೆಗ್ಗು.

ನಮ್ಮದೇ ಗಾಡಿ. ಅಪ್ಪನ ಝೆನ್.

ನಿಮ್ಮಲ್ಲಿ ಸುಮಾರು ಜನ ಅದರಲ್ಲಿ ಕೂತಿದ್ದೀರಿ. 99ರ ಮಾಡೆಲ್. 2014ರಲ್ಲಿ 15 ವರ್ಷ ತುಂಬಿದಾಗ ಆರ್‌ಸಿ ರಿನ್ಯೂ ಮಾಡಿಸಲು ಅಪ್ಪ ಅದನ್ನು ತಾವೇ ತೊಳೆದು ಆರ್‌ಟಿಒ ಆಫೀಸಿಗೆ ಒಯ್ದಿದ್ದು ನನಗೆ ಈಗಲೂ ನೆನಪಿದೆ. ಅಪ್ಪ ಹೋದ ಮೇಲೆ, 2022ರಲ್ಲಿ ಮಾರಿದೆ. ಮಾರಬಾರದಿತ್ತು. ಆ ಮಾತು ಬೇರೆ.

ಓಡಿಸುತ್ತಿದ್ದ ಹುಡುಗನನ್ನು ನಿಲ್ಲಿಸಿ ಮಾತಾಡಿಸಿದೆ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು ಇರಬಹುದು. ಒಳ್ಳೆಯ ಹುಡುಗ. "ಅಣ್ಣಾ, ಲುಕ್ ಹೆಂಗ್ ಬಂದೈತಿ ನೋಡ್ರಿ!" ಅಂದ. ನಾನು ಏನೂ ಹೇಳದೆ ರಸ್ತೆ ಬದಿ ಕೂತು ಮೊಬೈಲ್ ಟಾರ್ಚ್ ಹಾಕಿ ಚಕ್ರದ ಒಳಗೆ ನೋಡಿದೆ. ಸ್ಪ್ರಿಂಗಿನ ತುದಿಯನ್ನು ಕಟಿಂಗ್ ವೀಲ್‌ನಲ್ಲಿ ಕೊಯ್ದಿದ್ದರು. ಕೊಯ್ದ ಜಾಗದಲ್ಲಿ ಶಾಖಕ್ಕೆ ನೀಲಿ ಬಣ್ಣ ತಿರುಗಿತ್ತು. ಮುಂದಿನ ಟೈರಿನ ಒಳ ಅಂಚು ತಂತಿ ಕಾಣುವಷ್ಟು ಸವೆದಿತ್ತು, ಹೊರಗಿನ ಅಂಚಿನಲ್ಲಿ ಮಾತ್ರ ಟೈರಿನ ಗೆರೆಗಳು ಹೊಸದರ ಹಾಗೆ ಇದ್ದವು. ಆಕ್ಸಲ್ ಕೀಲಿನ ಗ್ರೀಸ್ ಹಿಡಿದಿಡುವ ರಬ್ಬರ್ ಬೂಟ್ ಹರಿದು ಗ್ರೀಸ್ ರಿಮ್ಮಿನ ಒಳಗೆಲ್ಲ ಸಿಡಿದಿತ್ತು. ಮಾಡಿಸಿ ಎಷ್ಟು ದಿನ ಆಯ್ತಪ್ಪ ಅಂದೆ. "ಮೂರು ತಿಂಗಳು ಅಣ್ಣಾ."

ಮೂರು ತಿಂಗಳು! ಅಪ್ಪನ ಕೈಯಲ್ಲಿ ಅಷ್ಟು ವರ್ಷ ಓಡಿದ ಗಾಡಿ ಅದು.

ನನಗೆ ಸಿಟ್ಟು ಬಂದಿದ್ದು ಹುಡುಗನ ಮೇಲಲ್ಲ. ಅದನ್ನು ಕೊಯ್ದುಕೊಟ್ಟವರ ಮೇಲೆ. ಗಾಡಿ ತಗ್ಗಿಸುವುದಕ್ಕೆ ಒಂದು ಪದ್ಧತಿ ಇದೆ. ಅದಕ್ಕಂತಲೇ ಮಾಡಿದ ಗಿಡ್ಡ ಸ್ಪ್ರಿಂಗ್ ಬರುತ್ತದೆ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಬೇಕು, ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಬೇಕು, ಹೆಡ್‌ಲೈಟ್ ಎತ್ತರ ಸರಿಮಾಡಬೇಕು. ಇದೆಲ್ಲ ಅವರಿಗೆ ಗೊತ್ತು. ಗೊತ್ತಿದ್ದೂ, ಹಳೇ ಗಾಡಿ ತಾನೇ ಅಂತ ಅರ್ಧ ಗಂಟೆಯಲ್ಲಿ ಕೊಯ್ದು ಕೈ ತೊಳೆದುಕೊಳ್ಳುತ್ತಾರೆ.

ಕೊಯ್ದರೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಸ್ಪ್ರಿಂಗ್ ಅಂದರೆ ಸುತ್ತಿದ ಸರಳು. ಸುತ್ತು ಕಡಿಮೆ ಆದಷ್ಟೂ ಅದು ಗಟ್ಟಿ. ಬಾಗುವ ಆರು ಸುತ್ತಿನಲ್ಲಿ ಒಂದೂವರೆ ತೆಗೆದರೆ ಉಳಿಯುವುದು ನಾಲ್ಕೂವರೆ, ಗಟ್ಟಿತನ ಮೂರನೇ ಒಂದು ಭಾಗ ಜಾಸ್ತಿ ಆಯಿತು. ಶಾಕ್ಸ್ ಮಾತ್ರ ಹಳೆಯದೇ, ಮೊದಲಿನ ಸ್ಪ್ರಿಂಗಿಗೆ ಲೆಕ್ಕ ಹಾಕಿ ಮಾಡಿದ್ದು. ಅದಕ್ಕೆ ಈ ಕುಣಿತ ತಡೆಯಲು ಆಗುವುದಿಲ್ಲ. ಮೇಲಿಂದ ಗಾಡಿ ಕೆಳಗೆ ಕೂತಿರುವುದರಿಂದ ಒಳಗೆ ಆಡಲು ಜಾಗವೂ ಇಲ್ಲ. ಸಣ್ಣ ಹೊಂಡಕ್ಕೂ ನೇರ, ಕೊನೆಯ ತಡೆಗೆ ಇಟ್ಟ ರಬ್ಬರ್ ತುಂಡಾದ ಬಂಪ್ ಸ್ಟಾಪರ್‌ಗೆ ಗುದ್ದು. ಆ ಗುದ್ದು ಕೀಲಿನ ರಬ್ಬರ್ ಬುಷ್‌ಗೆ, ಚಕ್ರವನ್ನು ಹಿಡಿದ ಲೋವರ್ ಆರ್ಮ್‌ಗೆ, ಕೊನೆಗೆ ಬಾಡಿಯ ಬೆಸುಗೆಗೆ. ಹಳೇ ಗಾಡಿಯ ತಗಡು ಎಷ್ಟು ಗುದ್ದು ತಿಂದೀತು? ಕೆಲವರು ಕೊಯ್ಯುವುದೂ ಇಲ್ಲ, ಗ್ಯಾಸ್ ಹಚ್ಚಿ ಸ್ಪ್ರಿಂಗ್ ಕಾಯಿಸಿ ಕೂರಿಸುತ್ತಾರೆ. ಅದು ಇನ್ನೂ ಕೆಟ್ಟದ್ದು. ಉಕ್ಕಿನ ಹದವೇ ಹೋಗುತ್ತದೆ. ಯಾವತ್ತು ಕುಸಿಯುತ್ತದೋ, ಯಾವತ್ತು ಮುರಿಯುತ್ತದೋ ಹೇಳುವುದಕ್ಕೆ ಆಗುವುದಿಲ್ಲ.

ಇನ್ನು ನಮ್ಮ ರಸ್ತೆ. ಝೆನ್‌ನ ಹೊಟ್ಟೆಗೂ ನೆಲಕ್ಕೂ ಕಂಪನಿ ಕೊಟ್ಟ ಅಂತರ 165 ಮಿಲಿಮೀಟರ್. ಎರಡು ಇಂಚು ಇಳಿಸಿದರೆ ಉಳಿಯುವುದು 115. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರ ಅಳತೆ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲಕ್ಕೆ ನಿಧಾನವಾಗಿ ಏರುವ ಹಂಪ್ ಆದರೆ ತಗ್ಗಿಸಿದ ಗಾಡಿಯೂ ಹೇಗೋ ದಾಟೀತು, ಅದೂ ಖಾಲಿ ಇದ್ದರೆ. ನಾಲ್ಕು ಜನ ಕೂತರೆ ಸಂದು ಇನ್ನೂ ಕಡಿಮೆ. ಆದರೆ ನಮ್ಮ ಓಣಿಗಳಲ್ಲಿ ಅಳತೆ ಹಿಡಿದು ಹಂಪ್ ಹಾಕಿದ್ದನ್ನು ನಾನಂತೂ ನೋಡಿಲ್ಲ. ಮನೆ ಮುಂದೆ ಉಳಿದ ಕಾಂಕ್ರೀಟ್ ಸುರಿದು ಕಟ್ಟೆ ಕಟ್ಟಿದ ಹಾಗೆ ಇರುತ್ತವೆ. ಅದಕ್ಕೆ ಮೊದಲು ಸಿಗುವುದು ಚೇಂಬರ್, ಅಂದರೆ ಎಂಜಿನ್ ತಳದ ಆಯಿಲ್ ಬಟ್ಟಲು. ಚೇಂಬರ್ ಒಡೆದು ಆಯಿಲ್ ಸೋರಿ ಹೋಗಿದ್ದು ಗೊತ್ತಾಗದೆ ಹತ್ತು ಕಿಲೋಮೀಟರ್ ಓಡಿಸಿದರೆ ಎಂಜಿನ್ನೇ ಹೋಯಿತು.

"ರೇಸ್ ಗಾಡಿಗಳೆಲ್ಲ ಕೆಳಗೇ ಇರಲ್ವಾ? ತಿರುವಿನಲ್ಲಿ ಹಿಡಿತ ಜಾಸ್ತಿ ಅಲ್ವಾ?" ಅಂತ ಯಾರಾದರೂ ಕೇಳುತ್ತೀರಿ. ಆ ಹುಡುಗನೂ ಕೇಳಿದ. ಭಾರ ನೆಲಕ್ಕೆ ಹತ್ತಿರ ಆದರೆ ಒಳ್ಳೆಯದು, ನಿಜ. ಆದರೆ ಝೆನ್‌ಗೆ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಸ್ಪ್ರಿಂಗೂ ಶಾಕ್ಸೂ ಒಂದೇ ಕಂಬದಲ್ಲಿರುವ ಜೋಡಣೆ. ಅದನ್ನು ಜಾಸ್ತಿ ಇಳಿಸಿದರೆ ಲೋವರ್ ಆರ್ಮ್ ಚಕ್ರದ ಕಡೆ ಮೇಲಕ್ಕೆ ಓರೆಯಾಗುತ್ತದೆ. ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಗಾಡಿ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಆಗ ತಿರುವಿನಲ್ಲಿ ವಾಲಿಸುವ ಬಲ ಹೆಚ್ಚೇ ಆಗುತ್ತದೆ, ಕಡಿಮೆ ಆಗುವುದಿಲ್ಲ. ರೇಸಿನವರು ಆರ್ಮ್ ಕೂರುವ ಜಾಗವನ್ನೂ ಬದಲಾಯಿಸುತ್ತಾರೆ. ಅವರು ಓಡಿಸುವುದು ಹೊಂಡವಿಲ್ಲದ ಟ್ರ್ಯಾಕ್‌ನಲ್ಲಿ. ಅವರ ಮಾತು ನಮ್ಮೂರ ಹದಡಿ ರಸ್ತೆಗೆ ತರಬೇಡಿ.

"ನನ್ನ ಗಾಡಿ, ನನ್ನ ದುಡ್ಡು" ಅನ್ನುವ ಮಾತು ಕಾನೂನಿನಲ್ಲೂ ನಿಲ್ಲುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡವೂ ಬಂತು. ಆದರೆ ದಂಡಕ್ಕೆ ಹೆದರಿ ಬಿಡಿ ಅಂತ ನಾನು ಹೇಳುತ್ತಿಲ್ಲ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನೂ ಕೊಯ್ಸಿದ್ದೇನೆ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ.

2004. ಚಿಕ್ಕಪ್ಪನ ಮಾರುತಿ 800. ಚಿಕ್ಕಪ್ಪ ಊರಲ್ಲಿ ಇರಲಿಲ್ಲ. ನಾನೂ ಅವರ ಮಗನೂ ಸೇರಿ ಹಿಂದಿನ ಎರಡೂ ಸ್ಪ್ರಿಂಗ್ ಕೊಯ್ಸಿದೆವು. ವಾರ ಕಳೆದು ಅಮ್ಮ, ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು ಸಂತೇಬೆನ್ನೂರಿನಿಂದ ರಾತ್ರಿ ಬರುತ್ತಿದ್ದೆವು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಹೊಂಡಕ್ಕೆ ಇಳಿದು ಗಾಡಿ ಮೇಲೆದ್ದಾಗ ಹಿಂದೆ ಠಣ್ ಅಂತ ಒಂದು ಸದ್ದು. ಗಿಡ್ಡ ಆದ ಸ್ಪ್ರಿಂಗ್ ಕೂರುವ ಬಟ್ಟಲು ಬಿಟ್ಟು ಹೊರಗೆ ಹಾರಿತ್ತು. ಗಾಡಿ ಎಳೆದುಕೊಂಡು ಹೋಗಿ ಅಡಿಕೆ ತೋಟದ ಬದುವಿಗೆ ನಿಂತಿತು. ಅಮ್ಮನ ಹಣೆ ಮುಂದಿನ ಸೀಟಿನ ಕಂಬಿಗೆ ಬಡಿದು ರಕ್ತ ಬಂತು. ಎದುರಿನಿಂದ ಲಾರಿ ಬರಲಿಲ್ಲ, ಅದಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ. ಮನೆಗೆ ಬಂದ ಮೇಲೆ ಅಪ್ಪ ಒಂದು ಮಾತೂ ಬೈಯಲಿಲ್ಲ. ಅಮ್ಮನ ಹಣೆಗೆ ಅರಿಶಿನ ಹಚ್ಚುತ್ತಾ ಕೂತರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಆ ಹುಡುಗನಿಗೂ ಇದನ್ನೇ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. "ಈಗ ಏನ್ ಮಾಡ್ಲಿ ಅಣ್ಣಾ, ಕೊಯ್ದಾಗೈತಿ" ಅಂದ. ಕೊಯ್ದ ಸ್ಪ್ರಿಂಗ್ ವಾಪಸ್ ಬೆಳೆಯುವುದಿಲ್ಲ. ಹೊಸದು ಹುಡುಕೋಣ ಅಂದರೆ ಝೆನ್ ಬರುವುದು ನಿಂತು ಎಷ್ಟೋ ವರ್ಷ ಆಯಿತು, 2006ಕ್ಕೇ ಮುಗಿಯಿತು.

ಚಿತ್ರದುರ್ಗದಲ್ಲಿ ಪರಿಚಯದ ಗುಜರಿಯವರಿಗೆ ಆಗಲೇ ಫೋನ್ ಮಾಡಿದ್ದೇನೆ. ಒಂದು ಝೆನ್ ಬಿಚ್ಚಿದ್ದಾರಂತೆ, ನಾಲ್ಕೂ ಸ್ಪ್ರಿಂಗ್ ಕೊಯ್ಯದೆ ಇವೆಯಂತೆ. ಅರ್ಧ ದುಡ್ಡು ನಾನು ಕೊಡುತ್ತೇನೆ, ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಗೆ ಬಾ, ಇಬ್ಬರೂ ಹೋಗಿ ತರೋಣ ಅಂತ ಹುಡುಗನಿಗೆ ಮೆಸೇಜ್ ಹಾಕಿದ್ದೇನೆ. ನೋಡಿದ್ದಾನೆ. ಇನ್ನೂ ಉತ್ತರ ಬಂದಿಲ್ಲ.