ಕೋತಿ ಗೆದ್ದಿತು, ಬಾಳೆಹಣ್ಣು ಸೋತಿತು

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಹಾರ್ಟಲ್‌ಪೂಲ್ ಅಂತ ಒಂದು ಬಂದರು ಊರಿದೆ. ಆ ಊರಿನವರನ್ನು ಕೆಣಕಬೇಕಾದರೆ ಅಕ್ಕಪಕ್ಕದವರು ಕೇಳುವುದು ಒಂದೇ ಪ್ರಶ್ನೆ: ಕೋತಿಯನ್ನು ಗಲ್ಲಿಗೆ ಹಾಕಿದವರು ಯಾರಪ್ಪಾ?

ನೆಪೋಲಿಯನ್ ಯುದ್ಧಗಳ ಕಾಲದ ಕತೆ ಇದು. ಫ್ರೆಂಚರ ಹಡಗೊಂದು ಅಲ್ಲಿ ಒಡೆದು ಮುಳುಗಿತಂತೆ. ಬದುಕಿ ದಡ ಸೇರಿದ್ದು ಸಮವಸ್ತ್ರ ತೊಟ್ಟಿದ್ದ ಒಂದು ಕೋತಿ ಮಾತ್ರ. ಮೀನುಗಾರರು ಮರಳಿನ ಮೇಲೇ ಕೋರ್ಟು ಕೂಡಿಸಿದರು. ಆರೋಪಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ, ಕಿರುಚಿದ್ದು ಯಾರಿಗೂ ಅರ್ಥವಾಗಲಿಲ್ಲ. ಅಂದಮೇಲೆ ಫ್ರೆಂಚ್ ಗೂಢಚಾರನೇ ಸರಿ ಅಂತ ನೇಣು ಹಾಕಿದರಂತೆ. ಪುರಾವೆ ಏನೂ ಇಲ್ಲ, ಬರೀ ದಂತಕತೆ. ಆದರೆ ಊರಿನವರು ನಾಚಿಕೊಂಡು ಮುಚ್ಚಿಡಲಿಲ್ಲ. ಹಾರ್ಟಲ್‌ಪೂಲ್ ಯುನೈಟೆಡ್ ಫುಟ್‌ಬಾಲ್ ತಂಡ ಕೋತಿ ವೇಷದವನೊಬ್ಬನನ್ನು ಮೈದಾನದಲ್ಲಿ ಕುಣಿಸತೊಡಗಿತು. ಆ ಕೋತಿಯ ಹೆಸರು ಹ್ಯಾಂಗಸ್.

ವೇಷದ ಒಳಗಿದ್ದವರು ಸ್ಟುವರ್ಟ್ ಡ್ರಮಂಡ್. ಹೊಟ್ಟೆಪಾಡಿಗೆ ಕಾಲ್ ಸೆಂಟರ್ ಕೆಲಸ, ಮ್ಯಾಚ್ ಇದ್ದ ದಿನ ಬಾಲ. ತುಂಟಾಟ ಜಾಸ್ತಿಯಾಗಿ ಬೇರೆ ಊರಿನ ಮೈದಾನದಿಂದ ಹೊರಗೆ ಹಾಕಿಸಿಕೊಂಡ ಖ್ಯಾತಿಯೂ ಇತ್ತು. ರಾಜಕೀಯಕ್ಕೆ ಬೇಕಾದ ಅನುಭವ ಇದಕ್ಕಿಂತ ಇನ್ನೇನು?

ಅಷ್ಟರಲ್ಲಿ ಲಂಡನ್ನಿನಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರ ಲೇಬರ್ ಪಕ್ಷದ ಸರ್ಕಾರಕ್ಕೆ ಒಂದು ಚಿಂತೆ ಹತ್ತಿತ್ತು. ಜನ ಸ್ಥಳೀಯ ಚುನಾವಣೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕೌನ್ಸಿಲರ್‌ಗಳ ಮುಖ ಯಾರಿಗೂ ಗೊತ್ತಿಲ್ಲ. ಅದಕ್ಕೆ 2000ದಲ್ಲಿ ಕಾನೂನು ತಂದರು: ಬೇಕೆನಿಸಿದ ಊರು ತನ್ನ ಮೇಯರನ್ನು ನೇರವಾಗಿ ಆರಿಸಬಹುದು. ಗಟ್ಟಿ ನಾಯಕ ಬರಲಿ, ಎಲ್ಲರೂ ಗುರುತಿಸುವ ಮುಖ ಬರಲಿ ಎಂಬುದು ಆಸೆ. 2002ರ ಮೇ 2ರಂದು ಹಾರ್ಟಲ್‌ಪೂಲ್ ಸರ್ಕಾರದ ಮಾತನ್ನು ಅಕ್ಷರಶಃ ಪಾಲಿಸಿತು. ಊರಿಗೆಲ್ಲ ಗೊತ್ತಿದ್ದ ಮುಖವನ್ನೇ ಆರಿಸಿತು. ಅದು ರೋಮದ ಮುಖ, ಅಷ್ಟೇ.

ಮೇಯರ್ ಸ್ಥಾನಕ್ಕೆ ನಿಂತಿದ್ದ ಡ್ರಮಂಡ್ ಕೊಟ್ಟ ದೊಡ್ಡ ಭರವಸೆ: ಶಾಲೆ ಮಕ್ಕಳಿಗೆ ಪುಕ್ಕಟೆ ಬಾಳೆಹಣ್ಣು. ನಕ್ಕವರೇ ಎಲ್ಲ. ಎಣಿಕೆ ಮುಗಿದಾಗ ಲೇಬರ್ ಅಭ್ಯರ್ಥಿ ಕೆಲವೇ ನೂರು ಮತಗಳಿಂದ ಸೋತಿದ್ದರು. ಜನ ಕುಡಿದ ಮತ್ತಿನಲ್ಲಿ ಒತ್ತಿಬಿಟ್ಟರು ಅನ್ನೋಣವೇ? ಅದಕ್ಕೂ ದಾರಿಯಿಲ್ಲ. ಈ ಚುನಾವಣೆಯಲ್ಲಿ ಮತದಾರ ಮೊದಲ ಆಯ್ಕೆ, ಎರಡನೇ ಆಯ್ಕೆ ಎರಡನ್ನೂ ಗುರುತು ಮಾಡಬಹುದಿತ್ತು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದೆ, ಹಿಂದೆ ಬಿದ್ದವರ ಬೆಂಬಲಿಗರ ಎರಡನೇ ಆಯ್ಕೆ ಎಣಿಸಿದರು. ಮೊದಲನೆಯದು ತಮಾಷೆ ಅಂತ ಬಿಡಿ. ಎರಡನೆಯದು ಕೂತು ಯೋಚಿಸಿ ಹಾಕಿದ್ದಲ್ವಾ? ಅಲ್ಲೂ ಕೋತಿಯದೇ ಮೇಲುಗೈ.

ಇನ್ನೂ ಮಜಾ ಏನೆಂದರೆ, ಆ ಊರಿನ ಸಂಸದರು ಆಗ ಪೀಟರ್ ಮ್ಯಾಂಡಲ್‌ಸನ್. ಇಮೇಜು, ಪ್ರಚಾರ, ಪತ್ರಕರ್ತರನ್ನು ಕುಣಿಸುವ ವಿದ್ಯೆಯಲ್ಲಿ ಲೇಬರ್ ಪಕ್ಷಕ್ಕೇ ಗುರು. ಅಲ್ಲಿನ ಅಂಗಡಿಯೊಂದರಲ್ಲಿ ಅವರು ಬೇಯಿಸಿ ಮಸೆದ ಬಟಾಣಿಯನ್ನು ಆವಕಾಡೊ ಚಟ್ನಿ ಅಂದುಕೊಂಡರು ಅಂತ ಒಂದು ಕತೆ ಕಟ್ಟಿದ್ದರು. ಸುಳ್ಳು ಕತೆ, ಆದರೂ ಅವರ ಬೆನ್ನು ಬಿಡಲಿಲ್ಲ. 1980ರ ದಶಕದಲ್ಲಿ ಪಕ್ಷದ ಪ್ರಚಾರ ನೋಡಿಕೊಳ್ಳುತ್ತಿದ್ದಾಗ ಲೇಬರ್‌ಗೆ ಕೆಂಪು ಗುಲಾಬಿಯ ಗುರುತು ಬಂದಿದ್ದೂ ಅವರ ಕಾಲದಲ್ಲೇ. ಮಂಗನ ಕೈಗೆ ಹೂಮಾಲೆ ಕೊಟ್ಟರೆ ಏನಾಗುತ್ತದೆ ಅಂತ ನಮ್ಮ ಅಜ್ಜಿಯರನ್ನು ಕೇಳಿದ್ದರೂ ಹೇಳುತ್ತಿದ್ದರು.

ಪಕ್ಕದ ಮಿಡಲ್ಸ್‌ಬರೋದಲ್ಲಿ ಅದೇ ದಿನ ರೋಬೋಕಾಪ್ ಎಂಬ ಅಡ್ಡಹೆಸರಿನ ಮಾಜಿ ಪೊಲೀಸ್ ಅಧಿಕಾರಿ ಪಕ್ಷೇತರರಾಗಿ ಗೆದ್ದರು. ಒಂದೇ ಕಾನೂನು, ಅಕ್ಕಪಕ್ಕದ ಊರು, ಒಂದು ಕಡೆ ಲಾಠಿ, ಇನ್ನೊಂದು ಕಡೆ ಬಾಲ.

ಗೆದ್ದ ಮೇಲೆ ಡ್ರಮಂಡ್ ವೇಷ ಕಳಚಿಟ್ಟು ಸೂಟು ಹಾಕಿದರು. ಬಜೆಟ್ಟು, ಕಸ, ರಸ್ತೆ ಅಂತ ಕೂತರು. ಬಾಳೆಹಣ್ಣು ಮಾತ್ರ ಬರಲಿಲ್ಲ. ಭರವಸೆ ಕೊಟ್ಟು ಮರೆತದ್ದರಿಂದ ಅವರು ನಿಜವಾದ ರಾಜಕಾರಣಿ ಎಂಬುದು ಖಾತ್ರಿಯಾಯಿತು. 2005ರಲ್ಲಿ ಮತ್ತೆ ನಿಂತರು. ಈ ಸಲ ಕೋತಿ ಇಲ್ಲ, ಹಣ್ಣಿಲ್ಲ. ಅಂತರ 10,000ಕ್ಕೂ ಹೆಚ್ಚು! ಮೊದಲ ಸಲ ಪ್ರಜಾಪ್ರಭುತ್ವಕ್ಕೇ ಅವಮಾನ ಅಂತ ಗೋಳಾಡಿದ ಪಂಡಿತರು ಈಗ ಯಾರನ್ನು ಬೈಯಬೇಕು? 2009ರಲ್ಲೂ ಅವರೇ. ದೊಡ್ಡ ದೊಡ್ಡ ಪಕ್ಷಗಳು, ಪ್ರಣಾಳಿಕೆ, ಬಣ್ಣಬಣ್ಣದ ಕರಪತ್ರ ಎಲ್ಲ ಇದ್ದೂ ಮೂರು ಸಲ ಒಬ್ಬ ಮನುಷ್ಯನನ್ನು ಅಲ್ಲಾಡಿಸಲು ಆಗಲಿಲ್ಲ.

ಆಮೇಲೆ ದಾರಿ ಸಿಕ್ಕಿತು. 2012ರ ನವೆಂಬರ್‌ನಲ್ಲಿ ಒಂದು ಜನಮತ ನಡೆಯಿತು: ನೇರವಾಗಿ ಆರಿಸುವ ಮೇಯರ್ ಹುದ್ದೆ ಬೇಕೋ ಬೇಡವೋ? ಐದು ಜನರಿಗೆ ಒಬ್ಬರ ಲೆಕ್ಕದಲ್ಲೂ ಮತ ಬೀಳಲಿಲ್ಲ. ಹಾಕಿದವರಲ್ಲಿ ಹೆಚ್ಚಿನವರು ಬೇಡ ಅಂದರು. ಕೋತಿಯನ್ನು ಇಳಿಸಲು ಆಗದಿದ್ದಾಗ ಮರವನ್ನೇ ಕಡಿದರು. 2013ರ ಮೇ ತಿಂಗಳಲ್ಲಿ ಹುದ್ದೆ ಮುಗಿಯಿತು, ಊರಿನ ಆಡಳಿತ ಕಮಿಟಿಗಳ ಕೈಗೆ ಹೋಯಿತು.

ಸುರಕ್ಷಿತ ಏರ್ಪಾಡು ಬಿಡಿ. ಕಮಿಟಿಯ ವೇಷ ಹಾಕಿಕೊಂಡು ಮೈದಾನದಲ್ಲಿ ಕುಣಿಯಲು ಯಾರಿಂದಲೂ ಆಗುವುದಿಲ್ಲ. ಕುಣಿದರೂ ಯಾವುದು ಕಮಿಟಿ ಅಂತ ನೋಡುವವರಿಗೆ ಗೊತ್ತಾಗಬೇಕಲ್ಲ.